ಮರಿ ನೋಡಿ, ಅಪ್ಪನನ್ನೂ ನೋಡಿ

ನಾಲತವಾಡದಲ್ಲಿ ಮೀನಿಗೇನು ಬರ ಇಲ್ಲ. ಹತ್ತಿರದಲ್ಲೇ ಕೃಷ್ಣೆ, ನಾರಾಯಣಪುರದ ಬಸವಸಾಗರ ಜಲಾಶಯ. ಆದರೆ ಮನೆಯ ಎರಡೂವರೆ ಅಡಿ ಅಕ್ವೇರಿಯಂಗೆ ಪಾಚಿ ತಿನ್ನುವ ಮೀಸೆಮೀನಿನ ಮರಿ ಹುಡುಕುತ್ತಾ ಮುದ್ದೇಬಿಹಾಳ ದಾಟಿ ವಿಜಯಪುರದವರೆಗೆ ಹೋದೆ.

ಅಂಗಡಿಯಲ್ಲಿ ತೋರಿಸಿದ್ದು ಬೆರಳುದ್ದದ ‘ಸಕ್ಕರ್’ ಮರಿ.

“ಎಷ್ಟ ಬೆಳೀತೈತ್ರಿ ಇದು?”

“ತೊಟ್ಟಿ ಎಷ್ಟೈತಿ ಅಷ್ಟ ಬೆಳೀತೈತ್ರಿ.”

ಹಾಗೇನಿಲ್ಲ. ಸಕ್ಕರ್ ಒಂದಡಿ ಮೀರಿ ಬೆಳೆಯುತ್ತದೆ. ತೊಟ್ಟಿ ಸಾಲದಾದಾಗ ಜನ ‘ಪಾಪ’ ಅಂತ ಹೊಳೆಗೆ ಬಿಡ್ತಾರೆ. ದಕ್ಷಿಣ ಅಮೆರಿಕ ಮೂಲದ ಈ ಮೀನು ಆಂಧ್ರದ ಕೆರೆ-ಹೊಳೆಗಳಲ್ಲಿ ಈಗಾಗಲೇ ನೆಲೆಯೂರಿದೆ. ಅದರ ಒರಟು ಮೈ, ಮುಳ್ಳುರೆಕ್ಕೆಗೆ ಸಿಕ್ಕಿ ಬಲೆಗಳು ಹರಿಯುತ್ತವೆ. ನಮ್ಮ ಹಿನ್ನೀರಿನಲ್ಲೂ ಬಲೆ ಬೀಸಿ ಬದುಕುವ ಮನೆಗಳಿವೆ.

ನನಗೆ ಬೇಕಿದ್ದದ್ದು ಬ್ರಿಸಲ್‌ನೋಸ್. ಅದೂ ಅದೇ ಖಂಡದ್ದು, ಆದರೆ ಬೆಳೆದರೂ ಸುಮಾರು ನಾಲ್ಕೈದು ಇಂಚು. ಮನೆಯ ತೊಟ್ಟಿಯಲ್ಲೇ ಮರಿ ಮಾಡುತ್ತದೆ. ಸಂದಿಯೊಳಗೆ ಕೂತು ಮೊಟ್ಟೆ ಕಾಯುವುದು ಗಂಡು. ಹೀಗೆ ಮರಿ ಮಾಡಿಸುವ ಹವ್ಯಾಸಿಯೊಬ್ಬರು ಊರಲ್ಲೇ ಸಿಕ್ಕರು. ಅವರ ತೊಟ್ಟಿಯಲ್ಲಿ ಮರಿಗಳ ಜೊತೆ ಅಪ್ಪನೂ ಇದ್ದ, ಮೂತಿ ತುಂಬ ಕವಲು ಮೀಸೆ. ಸೌತೆಕಾಯಿ ಹೋಳು ಹಾಕಿದ್ದೇ ತಡ, ಮರಿಗಳು ಮುತ್ತಿದವು. ಕೊಟ್ಟದ್ದನ್ನು ತಿನ್ನುವ ಮರಿ ಹೊಸ ಮನೆಗೂ ಬೇಗ ಹೊಂದಿಕೊಳ್ಳುತ್ತದೆ.

ಎರಡು ಮರಿ ತಗೊಂಡೆ. ಆಕ್ಸಿಜನ್ ತುಂಬಿದ ಕವರ್‌ಗೆ ದಪ್ಪ ಟವೆಲ್ ಸುತ್ತಿ, ಬಿಸಿಲಿಳಿದ ಮೇಲೆ ಬಸ್ ಹತ್ತಿದೆ. ಮನೆಯಲ್ಲಿ ಕವರ್ ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ನೀರಿನ ಬಿಸಿ ಒಂದಾದ ಮೇಲೆ ಮರಿಗಳನ್ನು ಒಳಗೆ ಬಿಟ್ಟೆ.

ನೀವೂ ಮರಿ ಕೊಳ್ಳುವಾಗ “ಇದರ ಅಪ್ಪ-ಅವ್ವನ್ನ ತೋರಸ್ರಿ” ಅನ್ನಿ. ಎಷ್ಟು ಬೆಳೆಯುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಸಾಕೋಕೆ ಆಗದಿದ್ದರೆ ಇನ್ನೊಬ್ಬ ಹವ್ಯಾಸಿಗೆ ಕೊಡಿ, ಹೊಳೆಗೆ ಮಾತ್ರ ಬೇಡ.