ಇಪ್ಪತ್ತಾರು ಅಂಕಿಗಳ ತಾಳೆ

ನಮ್ಮ ಕಾಮರ್ಸ್ ಕ್ಲಾಸಿನವರ ಕ್ಯಾಲ್ಕುಲೇಟರ್‌ಗಳು 12 ಅಂಕಿಯವು. ಹಲಗೇರಿಯ ಅಂಗಡಿಗಳಿಗೂ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಕ್ಕೂ ಅಷ್ಟು ಸಾಕು. ಆದರೆ ಶಕುಂತಲಾ ದೇವಿಯವರ ಲೆಕ್ಕವನ್ನು ಅದರಲ್ಲಿ ಒತ್ತಲೂ ಆಗುವುದಿಲ್ಲ.

ಅವರು 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಸರ್ಕಸ್ಸಿನಲ್ಲಿದ್ದರು, ಮಗಳಿಗೆ ಶಾಲೆಯ ಓದು ಸರಿಯಾಗಿ ಸಿಗಲಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರ ಮುಂದೆ 13 ಅಂಕಿಗಳ ಎರಡು ಸಂಖ್ಯೆ ಇಟ್ಟರು: 7,686,369,774,870 ಮತ್ತು 2,465,099,745,779. ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು:

18,947,668,177,995,426,462,773,730

ಇದನ್ನು ಓದುವುದು ಹೇಗೆ? ನಮ್ಮ ದಾದಿಗೆ ಕೋಟಿಯ ಆಚೆಗೆ ಅರಬ್, ಖರಬ್ ಗೊತ್ತು. ಖರಬ್ ಮುಗಿದ ಮೇಲೂ ಎಡಗಡೆ ಇನ್ನೂ 13 ಅಂಕಿ ಉಳಿದವು. "ಇಷ್ಟು ದುಡ್ಡು ಯಾರದು?" ಎಂದು ಕೇಳಿದರು.

ಉತ್ತರ ಸರಿಯೇ ಎಂದು ಬರೀ ಪೆನ್ನಿನಿಂದ ನೋಡಬೇಕೆನಿಸಿತು. ಮೊದಲು 9ರ ಪರೀಕ್ಷೆ. ಕೊಟ್ಟ ಎರಡು ಸಂಖ್ಯೆಗಳ ಅಂಕಿ ಕೂಡಿದರೆ 78 ಮತ್ತು 74. ಅವನ್ನು 9ರಿಂದ ಭಾಗಿಸಿದರೆ ಶೇಷ 6 ಮತ್ತು 2. 6 ಎರಡಲೆ 12, ಅದರ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಶೇಷ 3. ತಾಳೆಯಾಯಿತು.

ಆದರೆ 9ಕ್ಕೆ ಒಂದು ಕುರುಡು ಇದೆ. 37 ಬರೆದರೂ 73 ಬರೆದರೂ ಅದಕ್ಕೆ ಒಂದೇ. ಟ್ರಯಲ್ ಬ್ಯಾಲೆನ್ಸಿನ ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ನೋಡಿ ಎನ್ನುವುದು ಇದಕ್ಕೇ: 540ನ್ನು 450 ಎಂದು ಬರೆದರೆ ವ್ಯತ್ಯಾಸ 90.

ಅದನ್ನು ಹಿಡಿಯಲು 11 ಬೇಕು. ಉತ್ತರದ ಅಂಕಿಗಳನ್ನು ಬಲದಿಂದ ಒಂದು ಬಿಟ್ಟು ಒಂದು ಕೂಡಿದೆ: 69. ಬಿಟ್ಟವನ್ನು ಕೂಡಿದೆ: ಅದೂ 69! ಡೆಬಿಟ್ಟು, ಕ್ರೆಡಿಟ್ಟು ಸಮ. ಎರಡೂ ಸಮವಾದರೆ ಸಂಖ್ಯೆ 11ರಿಂದ ಭಾಗವಾಗುತ್ತದೆ. ಇಲ್ಲಿ ಭಾಗವಾಗಲೇಬೇಕಿತ್ತು, ಏಕೆಂದರೆ ಕೊಟ್ಟ ಎರಡನೇ ಸಂಖ್ಯೆಯಲ್ಲೂ ಹೀಗೇ 37, 37 ಬರುತ್ತದೆ. ಉತ್ತರದಲ್ಲಿ ಅಕ್ಕಪಕ್ಕದ ಎರಡು ಬೇರೆ ಅಂಕಿಗಳು ಜಾಗ ಬದಲಿಸಿದ್ದರೆ ಈ ಸಮ ಕೆಡುತ್ತಿತ್ತು.

ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಪುಸ್ತಕ ಸರಿ ಎಂದಲ್ಲ. ಬರೆಯದೇ ಬಿಟ್ಟ ವ್ಯವಹಾರ ಅದರಲ್ಲಿ ಕಾಣುವುದಿಲ್ಲ. ಹಾಗೆಯೇ ಈ ಎರಡೂ ಪರೀಕ್ಷೆಗೆ ಸಿಗದ ತಪ್ಪುಗಳೂ ಇರಬಹುದು. ಪೂರ್ತಿ ನಂಬಿಕೆ ಬೇಕಾದವರು ಉದ್ದಕ್ಕೆ ಗುಣಿಸಿ ನೋಡಬೇಕು.

ಈ ಸಂಖ್ಯೆಯ ಜಾತಕ ಇನ್ನೂ ಇದೆ. ಕೊನೆಯಲ್ಲಿ ಒಂದೇ ಸೊನ್ನೆ ಇರುವುದರಿಂದ ಇದು ವರ್ಗಸಂಖ್ಯೆಯಲ್ಲ. ಸಮಸಂಖ್ಯೆ, ಆದರೆ 4ರಿಂದ ಹೋಗದು. 3ರಿಂದ ಹೋಗುತ್ತದೆ, 9ರಿಂದ ಇಲ್ಲ. 7, 13ರಿಂದಲೂ ಇಲ್ಲ. 2, 3, 5, 11 ತೆಗೆದರೆ 23 ಅಂಕಿಗಳ ಸಂಖ್ಯೆ ಉಳಿಯುತ್ತದೆ. 17ರಿಂದ ಮುಂದಿನದು ಸೈನ್ಸ್ ಗೆಳೆಯರಿಗೆ ಬಿಟ್ಟದ್ದು.