ಅಪ್ಪನ ಮರ, ಮೇಷ್ಟರ ಪಾಠ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟದಲ್ಲಿ ನೂರು ತೆಂಗಿನ ಮರ ಇದ್ದವರಿಗೂ ಮನೆ ಅಂಗಳದ ಒಂದು ಮರದ ಮೇಲೆ ಪ್ರೀತಿ ಹೆಚ್ಚು. ತೋಟದ ಕಾಯಿ ಅಟ್ಟ ಸೇರಿ, ವರ್ಷದ ಹತ್ತಿರ ಒಣಗಿ, ಒಳಗಿನ ನೀರೆಲ್ಲ ಆರಿದ ಮೇಲೆ ಉಂಡೆ ಕೊಬ್ಬರಿಯಾಗಿ ತಿಪಟೂರು ಮಾರುಕಟ್ಟೆಗೆ ಹೋಗುತ್ತದೆ. ಅಂಗಳದ ಕಾಯಿ ಮಾತ್ರ ಮನೆಯ ಚಟ್ನಿಗೆ, ದೇವರಿಗೆ, ಬಂದ ನೆಂಟರಿಗೆ.

ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪ ಎರಡು ಸಸಿ ನೆಟ್ಟರು. ಒಂದು ಅಂಗಳದಲ್ಲಿ, ಇನ್ನೊಂದು ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ. ಎರಡೂ ಒಂದೇ ಮರದ ಕಾಯಿಂದ ಬಂದವು. ಎರಡೂ ನನ್ನ ಜೊತೆಗೇ ಬೆಳೆದವು.

2016ರಲ್ಲಿ ಮಗಳ ಮದುವೆ ನಿಶ್ಚಯವಾಯಿತು. ಬೆಂಗಳೂರಿನ ಬೀಗರು ಬರುವಾಗ ಅಂಗಳದಲ್ಲಿ ಧೂಳು ಏಳಬಾರದೆಂದು ಅರ್ಧ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದೆ. ಇನ್ನರ್ಧಕ್ಕೆ ನರ್ಸರಿಯಿಂದ ಹುಲ್ಲುಹಾಸು ತರಿಸಿದೆ. ಮರದ ಬುಡದ ಸುತ್ತ ಒಂದು ಗೇಣು ಮಣ್ಣು ಬಿಟ್ಟಿದ್ದೇ ದೊಡ್ಡ ಉಪಕಾರ ಎಂದುಕೊಂಡೆ. ದೀಪದ ಸರ ಕಟ್ಟಲು ಕಾಂಡಕ್ಕೆ ನಾಲ್ಕು ಮೊಳೆಯನ್ನೂ ಹೊಡೆಸಿದೆ.

ಜಗುಲಿಯ ಮೇಲೆ ಕೂತು ನೋಡುತ್ತಿದ್ದ ಅಪ್ಪ, "ಬುಡ ಮುಚ್ಚಬೇಡ ಕಣೋ ಮೇಷ್ಟ್ರೇ, ಅದಕ್ಕೆ ಉಸಿರು ಕಟ್ಟುತ್ತೆ" ಅಂದರು.

ನಾನು ಬಿಎಸ್ಸಿ, ಬಿಎಡ್. ಗಾರೆ ಕೆಲಸದವರ ಎದುರಿಗೇ ನಕ್ಕುಬಿಟ್ಟೆ. "ಮರ ಉಸಿರಾಡೋದು ಎಲೆಯಿಂದ ಅಪ್ಪ, ಬುಡದಿಂದಲ್ಲ" ಎಂದೆ. ಅಪ್ಪ ಆಮೇಲೆ ಆ ಮಾತು ಎತ್ತಲಿಲ್ಲ.

ಮರುವರ್ಷ ಮರಕ್ಕೆ ಏನೂ ಆಗಲಿಲ್ಲ. ಹರಳು ಒಂದಿಷ್ಟು ಹೆಚ್ಚಿಗೆ ಉದುರಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ನೋಡಪ್ಪ, ಏನಾಯಿತು?" ಎಂದು ಕೇಳಿದ್ದೂ ಉಂಟು. 2018ರಲ್ಲಿ ಅಪ್ಪ ತೀರಿಕೊಂಡರು. ಆ ದಿನವೂ ಮರದಲ್ಲಿ ಗೊನೆಗಳಿದ್ದವು.

2019ರಲ್ಲಿ ಮರ ಸೊರಗಿತು. ಗರಿ ಗಿಡ್ಡವಾದವು, ಹೊಂಬಾಳೆ ಬಡಕಲಾದವು. ಬಂದ ಕಾಯಿ ಮುಷ್ಟಿ ಗಾತ್ರ ದಾಟಲಿಲ್ಲ. ಮಳೆ ಕೈಕೊಟ್ಟಿದ್ದಕ್ಕೆ ಹೀಗಾಯಿತೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅದೇ ಆಕಾಶದ ಕೆಳಗೆ ಹಿತ್ತಲ ಮರ ಗೊನೆ ಹೊತ್ತು ನಿಂತಿತ್ತು. ಪ್ರಯೋಗದಲ್ಲಿ ಹೋಲಿಕೆಗೆ ಇನ್ನೊಂದು ಇರಬೇಕು ಎಂದು ಮಕ್ಕಳಿಗೆ ಹೇಳುವವನು ನಾನು. ಬಚ್ಚಲ ನೀರಿನ ಅನುಕೂಲವನ್ನು ಕಳೆದು ನೋಡಿದರೂ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತಿತ್ತು.

ತೋಟಗಾರಿಕೆ ಓದಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ತಲೆ ಎತ್ತಿ ಸುಳಿ ನೋಡುತ್ತಾನೆ ಅಂದುಕೊಂಡರೆ ತಲೆ ಬಗ್ಗಿಸಿ ಬುಡ ನೋಡಿದ. "ಸಾರ್, ಬೇರೂ ಉಸಿರಾಡುತ್ತೆ ಅಂತ ನೀವೇ ಹೇಳಿಕೊಟ್ಟಿದ್ರಲ್ಲ" ಅಂದ. ನನಗೆ ಅಪ್ಪ ಕೂರುತ್ತಿದ್ದ ಜಗುಲಿಯ ಕಡೆ ನೋಡಲಾಗಲಿಲ್ಲ.

ತೆಂಗಿಗೆ ತಾಯಿಬೇರಿಲ್ಲ. ಬುಡದ ಗೆಡ್ಡೆಯಿಂದ ಸಾವಿರಾರು ಬೇರು ಹೊರಟು ಸುತ್ತ ಹರಡುತ್ತವೆ. ಚುರುಕಾಗಿ ಕೆಲಸ ಮಾಡುವ ಬೇರುಗಳು ಹೆಚ್ಚಾಗಿ ಬುಡದಿಂದ ಆರಡಿಯೊಳಗೇ ಇರುತ್ತವೆ. ಗಾಳಿಗೆಂದೇ ಅವುಗಳ ಮೇಲೆ ಬಿಳಿಯ ಸಣ್ಣ ಉಸಿರುಬೇರುಗಳಿವೆ. ಅದೆಲ್ಲದರ ಮೇಲೆ ನಾನು ಕಾಂಕ್ರೀಟು ಹಾಸಿದ್ದೆ. ಹುಲ್ಲುಹಾಸಿಗೆ ದಿನಾ ನೀರು ಚಿಮುಕಿಸುತ್ತಿದ್ದೆನಲ್ಲ, ಅದು ಮೇಲಿನ ಎರಡು ಮೂರು ಅಂಗುಲದಲ್ಲೇ ಮುಗಿಯುತ್ತಿತ್ತು. ಒಂದೂವರೆ ಅಡಿ ಕೆಳಗಿನ ಬೇರಿಗೆ ಅದರ ಸುದ್ದಿಯೂ ಮುಟ್ಟುತ್ತಿರಲಿಲ್ಲ.

ಹಾಗಾದರೆ ಮರ ಮೂರು ವರ್ಷ ಏಕೆ ಸುಮ್ಮನಿತ್ತು? ಹೊಂಬಾಳೆ ಹೊರಗೆ ಬಿರಿಯುವ ಸುಮಾರು 32 ತಿಂಗಳ ಮೊದಲೇ ಅದರ ಮೊಳಕೆ ಸುಳಿಯೊಳಗೆ ಹುಟ್ಟಿರುತ್ತದೆ. ಬಿರಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ ಬೇಕು. ಅಂದರೆ ಈ ದಿನ ಕಿತ್ತ ಕಾಯಿಯ ಕಥೆ ಮೂರೂವರೆ ವರ್ಷದ ಹಿಂದೆಯೇ ಶುರುವಾಗಿರುತ್ತದೆ. 2017ರಲ್ಲಿ ನಾನು ಅಪ್ಪನಿಗೆ ತೋರಿಸಿ ಗೆದ್ದೆ ಅಂದುಕೊಂಡ ಗೊನೆಗಳು ಬುಡ ತೆರೆದಿದ್ದ ಕಾಲದ ಫಲವಾಗಿದ್ದವು. ಎಸ್ಸೆಸ್ಸೆಲ್ಸಿ ಅಂಕ ಕಡಿಮೆಯಾಯಿತೆಂದು ಶಾಲೆಗೆ ಬಂದು ಮಗನನ್ನು ಬೈಯುವ ತಂದೆತಾಯಿಯರಿಗೆ ಈಗ ಇದನ್ನೇ ಹೇಳುತ್ತೇನೆ: ಏಳನೇ ತರಗತಿಯಲ್ಲಿ ಬುಡ ಹೇಗಿತ್ತು, ನೆನಪು ಮಾಡಿಕೊಳ್ಳಿ.

2020ರ ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿತ್ತು. ಹಾರೆ, ಸುತ್ತಿಗೆ ಹಿಡಿದು ಆರಡಿ ಸುತ್ತಳತೆಯೊಳಗಿನ ಕಾಂಕ್ರೀಟನ್ನು ನಾನೇ ಒಡೆದೆ. ಹದಿನೈದು ದಿನ ಹಿಡಿಯಿತು. ಬುಡದಿಂದ ಆಚೆಗೆ ಪಾತಿ ಮಾಡಿ ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು ತುಂಬಿದೆ. ಮೇಲೆ ತೆಂಗಿನ ಸಿಪ್ಪೆ ಹಾಸಿದೆ. ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ತೆಂಗು ಹೆಚ್ಚು ಬೇಡುವ ಪೊಟ್ಯಾಷನ್ನೂ ಕೊಳೆಯುತ್ತಾ ಕೊಡುತ್ತದೆ. ನೀರನ್ನು ಚಿಮುಕಿಸುವುದು ಬಿಟ್ಟು ನಿಧಾನವಾಗಿ ಆಳಕ್ಕೆ ಇಳಿಯುವಂತೆ ಬಿಟ್ಟೆ. ಹುಲ್ಲನ್ನು ಪಾತಿಯಿಂದ ಆಚೆಗೆ ಸರಿಸಿದೆ. ಈಗ ಅಲ್ಲಿ ತಾನಾಗಿ ಬಂದ ಗರಿಕೆಯೇ ಹೆಚ್ಚು. ಅದು ಬೇಸಿಗೆಯಲ್ಲಿ ಒಣಗುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. ಗಣೇಶನ ಹಬ್ಬಕ್ಕೂ ಆಗುತ್ತದೆ.

ಮನೆ ಮುಂದೆ ತೆಂಗು ಇದ್ದವರು ಇನ್ನೆರಡು ಮಾತು ಮನಸ್ಸಿನಲ್ಲಿಡಿ. ಅಂದಕ್ಕಾಗಿ ಹಸಿ ಗರಿ ಕಡಿಯಬೇಡಿ. ಒಂದೊಂದು ಗರಿಯ ಕಂಕುಳಲ್ಲಿ ಒಂದೊಂದು ಹೊಂಬಾಳೆ ಇರುತ್ತದೆ. ಒಣ ಗರಿ, ಬಲಿತ ಕಾಯಿಗಳನ್ನು ಮಾತ್ರ ಕಾಲಕಾಲಕ್ಕೆ ಇಳಿಸಿ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ರೋಗದ ಅನುಮಾನ ಬಂದರೆ ತಿಪಟೂರಿನ ಹತ್ತಿರ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿ ಕೇಳಿ.

ಕಾಂಕ್ರೀಟು ಒಡೆದ ಮೇಲೂ ಮರ ಅವಸರ ಮಾಡಲಿಲ್ಲ. ಮೊದಲು ಗರಿ ಉದ್ದವಾದವು. ಆಮೇಲೆ ಹರಳು ನಿಂತವು. 2024ರ ಯುಗಾದಿಗೆ ಅಂಗಳದ ಮರದಿಂದ ತುಂಬು ಗೊನೆ ಇಳಿಯಿತು. ಮೊದಲ ಕಾಯಿಯನ್ನು ಅಪ್ಪನ ಪಟದ ಮುಂದೆ ಒಡೆದೆ.

ಮಾವು, ಬೇವಿನ ಗಾಯ ವರ್ಷ ಕಳೆದಂತೆ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೆಂಗಿನ ಕಾಂಡ ಒಮ್ಮೆ ಬೆಳೆದ ಮೇಲೆ ದಪ್ಪವಾಗುವುದಿಲ್ಲ, ಆದ ಗಾಯವೂ ಮುಚ್ಚುವುದಿಲ್ಲ. ನಮ್ಮ ಮರದಲ್ಲಿ ಆ ನಾಲ್ಕು ಮೊಳೆಯ ತೂತು ಹಾಗೇ ಇವೆ. ಮೇಲುಗಡೆ, ಸುಳಿಯಿಂದ ಸ್ವಲ್ಪ ಕೆಳಗೆ, ಕಾಂಡ ಸೊಂಟದಂತೆ ಸಣ್ಣಗಾಗಿದೆ. ಅದು ಬುಡ ಮುಚ್ಚಿದ್ದ ವರ್ಷಗಳ ಬೆಳವಣಿಗೆ. ಏಕದಳ ಸಸ್ಯದ ಪಾಠ ಬಂದಾಗ ಮಕ್ಕಳನ್ನು ಮನೆಗೆ ಕರೆದು ಅದನ್ನು ತೋರಿಸುತ್ತೇನೆ. ಯಾಕೆ ಹಾಗಾಯಿತು ಸಾರ್ ಎಂದು ಅವರು ಕೇಳುತ್ತಾರೆ. ಅಪ್ಪ ಆಡಿದ ಮಾತನ್ನೂ ನಾನು ನಕ್ಕಿದ್ದನ್ನೂ ಬಿಡದೆ ಹೇಳುತ್ತೇನೆ.