ನಾಲ್ಕನೇ ನಡೆ

ಕಾಲೇಜ್ ಟೀಮಿನ ಸೆಲೆಕ್ಷನ್ ಗೇಮ್ ಸೋತೆ. ಭಾಲ್ಕಿಯಿಂದ ದಿನಾ ಟ್ರೇನಿಗೆ ಬೀದರಿಗೆ ಬರೋ ಜೂನಿಯರ್ ಎದುರು, 24 ನಡೆಯಲ್ಲಿ. ಸೋತವರು ತಮ್ಮ ಆಟಕ್ಕೆ ತಾವೇ ಟಿಪ್ಪಣಿ ಬರೀಬೇಕು, ಎಂಜಿನ್ ಹಚ್ಚೋದು ಆಮೇಲೆ ಅನ್ನೋದು ನಮ್ಮ ಚೆಸ್ ಗುಂಪಿನ ರೂಲ್.

ಸುಲಭ ಅಂದ್ಕೊಂಡೆ. 22ನೇ ನಡೆಯಲ್ಲಿ ವಜೀರ, ಅಂದ್ರೆ ನಿಮ್ಮ ಕ್ವೀನ್, ಹೋಯ್ತು. ಅಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಮುಗೀತು. ಆದರೆ ಅದರ ಹಿಂದಿನ ನಡೆಗಳಿಗೂ ಏನಾದರೂ ಬರೀಬೇಕಲ್ಲ. ಹಿಂದೆ ಹಿಂದೆ ಹೋದಂಗೆ ಎಲ್ಲಾ ಕಡೆ ನಾನು ಬರೀ ತಪ್ಪಿಸಿಕೊಂಡು ಓಡ್ತಿದ್ದೆ. ಕೊನೆಗೆ ನಾಲ್ಕನೇ ನಡೆಗೆ ಬಂದು ನಿಂತೆ.

ನಾನು ಬಿಳಿ. ಮೊದಲ ನಡೆ ಬಿ3. ನಡುವಿನ ಪ್ಯಾದೆ ಮುಟ್ಟದೆ, ಒಂಟೆಯನ್ನು ಬಿ2ರಲ್ಲಿ ಕೂರಿಸಿ, ಬದಿಯಿಂದಲೇ ನಡುವಿನ ಮೇಲೆ ಕಣ್ಣಿಡೋ ಆಟ. ಅವನು ಇ5, ಆಮೇಲೆ ಕುದುರೆ ಸಿ6. ನಾನು ಸಿ4, ಅವನ ಇನ್ನೊಂದು ಕುದುರೆ ಎಫ್6. ಆಗ ನಾನು ಕುದುರೆಯನ್ನು ಎಫ್3ಕ್ಕೆ ತಂದೆ. ಅವನು ಪ್ಯಾದೆಯನ್ನು ಇ4ಕ್ಕೆ ತಳ್ಳಿದ. ಕುದುರೆ ಓಡಬೇಕಾಯ್ತು.

1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಡೆನ್ಮಾರ್ಕಿನ ಬೆಂಟ್ ಲಾರ್ಸೆನ್ ಇವೇ ನಾಲ್ಕು ನಡೆ ಆಡಿ, ವಿಶ್ವ ಚಾಂಪಿಯನ್ ಸ್ಪಾಸ್ಕಿ ಎದುರು 17ರಲ್ಲಿ ಸೋತಿದ್ದರು. ಈ ಓಪನಿಂಗಿಗೆ ಅವರ ಹೆಸರೇ ಇದೆ! ಓದಿ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳಲಿ.

ಆದರೆ ನನಗೆ ಬಿ3 ಬಂದದ್ದು ಲಾರ್ಸೆನ್‌ರಿಂದ ಅಲ್ಲ, ಔರಾದಿನ ಮುತ್ಯಾನಿಂದ. ಮುತ್ಯಾನ ಹಳೇ ಶತರಂಜಿನಲ್ಲಿ ಪ್ಯಾದೆ ಯಾವಾಗಲೂ ಒಂದೇ ಮನೆ, ಮೊದಲ ಸಲವೂ ಎರಡಿಲ್ಲ. ಅಲ್ಲಿ ಎದುರಿನ ಪ್ಯಾದೆ ಇ4ಕ್ಕೆ ಬರಲು ಮೂರು ನಡೆ ಬೇಕು, ಇಲ್ಲಿ ಎರಡೇ. ದೇಶಿ ರೂಲಿನಲ್ಲೇ ಆಟ ಕಲಿತಿದ್ದ ಮೀರ್ ಸುಲ್ತಾನ್ ಖಾನ್ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಅದು ಬೇರೆ ಮಾತು. ನಾನು ಮಾತ್ರ ಟಿಪ್ಪಣಿಯಲ್ಲಿ ಬರೆದೆ: 'ಕಲಿಸಿದವರೇ ತಪ್ಪು ಕಲಿಸಿದ್ದರು.'

ಶನಿವಾರ ಆ ಹಾಳೆ ಕಿಸೆಯಲ್ಲಿಟ್ಟುಕೊಂಡು ಔರಾದ್ ಬಸ್ ಹತ್ತಿದೆ. ಸಂತಪುರ ಬರೋ ಹೊತ್ತಿಗೆ ಆ ಸಾಲು ಚುಚ್ಚೋಕೆ ಶುರುವಾಗಿತ್ತು.

ಮುತ್ಯಾ ಕಟ್ಟೆ ಮೇಲೆ ಆಟ ಹೂಡಿ, "ಎಲ್ಲಿ ಕೆಟ್ಟಿ, ತೋರಸು" ಅಂದ. ಕರಿ ಪ್ಯಾದೆಯನ್ನು ಎರಡು ಮನೆ ಹಾರಿಸಿದಾಗ ಮುಖ ಕಿವುಚಿದ, ತಡೀಲಿಲ್ಲ. ಎಫ್3ಕ್ಕೆ ಕುದುರೆ ಎತ್ತಿದಾಗ ಕೈ ಹಿಡಿದ.

"ಆ ಪ್ಯಾದಿ ಆಗಲೇ ಬಂದು ಕುಂತದ, ಕಣ್ಣಿಗಿ ಕಾಣವಲ್ದೇನು ತಮ್ಮಾ? ಇನ್ನೊಂದು ಮನಿ ಸರಿದ್ರ ಕುದರಿ ಮ್ಯಾಲೇ ಬರ್ತದ. ಅದಕ್ಕ ಎರಡು ಮನಿ ಯಾಕ ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇ5ರಿಂದ ಇ4ಕ್ಕೆ ಒಂದೇ ಮನೆ, ಅವನ ರೂಲಿನಲ್ಲೂ. ಮುತ್ಯಾ ಕುದುರೆಯನ್ನು ವಾಪಸ್ ಇಟ್ಟು, ನನ್ನ ರಾಜನ ಮುಂದಿನ ಪ್ಯಾದೆಯನ್ನು ಒಂದು ಮನೆ ಸರಿಸಿ, "ಮೊದಲ ಇದು" ಅಂದ.

ಹಾಳೆ ಕಿಸೆಯಿಂದ ತೆಗೀಲೇ ಇಲ್ಲ. ವಾಪಸ್ ಬರೋವಾಗ ಬಸ್ಸಿನಲ್ಲೇ ಆ ಸಾಲು ಹೊಡೆದು ಹಾಕಿ, '4. ಇ3 ಆಡಬೇಕಿತ್ತು. ನೋಡಲಿಲ್ಲ' ಅಂತ ಬರೆದೆ. ಸೋಮವಾರ ಹಚ್ಚಿದಾಗ ಎಂಜಿನ್ನೂ ಇ3 ಅಂದಿತು. ಭಾಲ್ಕಿ ಹುಡುಗನ ಸಂಜೆ ಟ್ರೇನ್ ಎಷ್ಟಕ್ಕೆ ಅಂತ ಕೇಳಿಟ್ಟಿದ್ದೀನಿ, ಅದಕ್ಕೂ ಮುಂಚೆ ಒಂದು ಗೇಮ್ ಆಗ್ತದ.